ಹೆಣದ ಫೋಟೊವಾಲಾ

ಸ್ಟೇಶನ್ ಬಜಾರ, ಗುಲಬರ್ಗಾ
ಮಾಘ, ೧೯೪೯

ಕಮಲಾಪುರದ ಭಾಗಕ್ಕನಿಗೆ ಶರಣು.

ನಿನ್ನ ಮಗಳು ನೀಲಮ್ಮನ ಮದುವೆಯ ಫೋಟೊ ತೆಗೆಯಲು ಬೇರೆಯವರನ್ನು ಕರೆಸು. ಹೋದ ವರ್ಷ ಭಾರತದ ಸೈನ್ಯ ಬಂದಾಗಿನ ಪೊಲೀಸ್ ಆಕ್ಷನ್ ಗಲಭೆಯಲ್ಲಿ ಸತ್ತ, ಗುರುತು ಸಿಗದವರ ಫೋಟೊ ತೆಗೆದಾಗಿನಿಂದ ಊರವರು ನನ್ನನ್ನು 'ಹೆಣದ ಫೋಟೊವಾಲಾ' ಎನ್ನುತ್ತಾರೆ. ಬೀಗರೂ ಹಾಗೆಂದರೆ ನಿನಗೆ ನೋವಾದೀತು. ನನಗಂತೂ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು.

ನಿನ್ನೆ ಒಬ್ಬ ಮುದುಕಿ ಅಂಗಡಿಗೆ ಬಂದು, "ಹೆಣದ ಫೋಟೊವಾಲಾ ನೀವೇನ್ರೀ? ನನ್ನ ಮಗ ಮನಿಗಿ ಬಂದಿಲ್ರೀ," ಎಂದಳು.

"ಹೌದವ್ವ, ನಾನೇ," ಎಂದೆ.

ಫೋಟೊಗಳನ್ನು ಒಂದೊಂದಾಗಿ ತೋರಿಸಿದೆ. ಒಂದರ ಮೇಲೆ ಅವಳ ಕೈ ನಿಂತಿತು. ಮಗನ ಬೇರೆ ಫೋಟೊ ಅವಳ ಬಳಿ ಇಲ್ಲವಂತೆ.

"ಕಣ್ಣ ತೆರದಂಗ ಮಾಡ್ಲಾಕ ಬರ್ತದೇನ್ರೀ?"

ಅವಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಕಣ್ಣುಗಳನ್ನೇ ನೋಡಿ, ಆ ಫೋಟೊದ ಮೇಲೆ ತೆರೆದ ಕಣ್ಣುಗಳನ್ನು ಕುಂಚದಿಂದ ಬರೆದುಕೊಟ್ಟೆ.

ನಿನ್ನ ತಮ್ಮ,
ಕಲ್ಯಾಣಪ್ಪ