ಹಗುರವಾದ ಪವರ್ ಸಪ್ಲೈ

ಉಮಿಯೋ, ನವೆಂಬರ್ ೧೪

ಪ್ರಿಯ ಸಿಕ್ಸ್ಟೆನ್ ಅವರಿಗೆ,

ಕಂಪ್ಯೂಟರಿನೊಳಗೆ ಕೂರಿಸಲೆಂದು ನಿಮ್ಮ ಅಂಗಡಿಯಲ್ಲಿ ಕೊಂಡ ಅಗ್ಗದ ಪವರ್ ಸಪ್ಲೈಯನ್ನು ವಾಪಸ್ ಕಳಿಸುತ್ತಿದ್ದೇನೆ. ಬಳಸಿಲ್ಲ. "ಆ ಹಳೇ ಕಂಪ್ಯೂಟರಿಗೆ ಇದೇ ಜಾಸ್ತಿ ಬಿಡಿ" ಎಂದು ನೀವು ನಕ್ಕಿರಿ, ನಾನೂ ನಕ್ಕೆ. ಮನೆಗೆ ಬಂದು ಬ್ರೆಡ್ಡಿನ ಹಿಟ್ಟು ತೂಗುವ ತಕ್ಕಡಿಯ ಮೇಲಿಟ್ಟೆ. ಸುಟ್ಟುಹೋದ ಹಳೆಯದರ ಅರ್ಧ ತೂಕವೂ ಇಲ್ಲ.

ನನ್ನ ಮಗಳು ಸಿಗ್ನೆ ಹೀಗೆಯೇ ತೂಗಿ ನೋಡುತ್ತಿದ್ದಳು. "ಅಪ್ಪಾ, ಹಗುರ ಇದ್ರೆ ಒಳಗೆ ಏನೂ ಹಾಕಿಲ್ಲ ಅಂತ. ಇಂಥದ್ದು ತಾನೊಂದೇ ಸಾಯಲ್ಲ, ಡಿಸ್ಕನ್ನೂ ಕರ್ಕೊಂಡು ಹೋಗುತ್ತೆ" ಅನ್ನುತ್ತಿದ್ದಳು.

ಅವಳು ಏಪ್ರಿಲ್‌ನಲ್ಲಿ ತೀರಿಕೊಂಡಳು. ಅವಳ ದನಿ ಆ ಹಳೇ ಕಂಪ್ಯೂಟರಿನ ಡಿಸ್ಕಿನಲ್ಲಿ ಮಾತ್ರ ಇದೆ.

ದಯವಿಟ್ಟು ಭಾರವಾದದ್ದೊಂದನ್ನು ತರಿಸಿಕೊಡಿ. ತಡವಾದರೂ ಕಾಯುತ್ತೇನೆ. ನನ್ನನ್ನು ಅಪ್ಪಾ ಎಂದು ಕರೆಯುವ ದನಿ ಅದೊಂದೇ ಉಳಿದಿದೆ.

ನಿಮ್ಮ,
ತೂರೆ