ನಾಲ್ಕು ಡಿಗ್ರಿಯ ಕೋಣೆ

ಮಾರ್ಚ್ ೩, ಬೆಳಿಗ್ಗೆ

ಕೋಲ್ಡ್ ಸ್ಟೋರೇಜಿನ ಮೀಟರ್ ನೋಡಿದೆ. ಮೀನಿನ ಕೋಣೆ ಸರಿ, ಮೈನಸ್ ಹದಿನೆಂಟು. ಮಗಳ ಕೆಸರಿನ ಕೋಣೆ, ನಾಲ್ಕು ಡಿಗ್ರಿ. ಧ್ರುವದ ಕಡಲತಳದಿಂದ ಅವಳ ಸಂಶೋಧನೆಗೆಂದು ಕೊಳವೆಗಳಲ್ಲಿ ಎತ್ತಿ ತಂದ ಕೆಸರು. ಉದ್ದುದ್ದ ಸೀಳಿ ಇಟ್ಟಿದ್ದಾಳೆ — ಒಂದರ್ಧ ಪರೀಕ್ಷೆಗೆ, ಇನ್ನೊಂದರ್ಧ ಯಾರೂ ಮುಟ್ಟುವಂತಿಲ್ಲ. ಮಗನಿಗೆ ಆ ಕೋಣೆಯೂ ಬೇಕು.

"ಕೆಸರಿಗೆ ಎ.ಸಿ., ನನ್ನ ಸೀಗಡಿಗೆ ಬಿಸಿಲು. ಚೆನ್ನಾಗಿದೆ ನ್ಯಾಯ!"

"ಕೋಲ್ಡ್ ಸ್ಟೋರೇಜ್ ನನ್ನದು. ನಾನು ಸತ್ತ ಮೇಲೆ ಕುಣಿಯೋ," ಎಂದೆ.

ಮಾರ್ಚ್ ೪

ಮಗಳು ಒಂದು ಪದರ ತೋರಿಸಿದಳು. ಬೂದು, ಬರಡು. ಆ ಪದರ ಕೂತ ಕಾಲದಲ್ಲಿ, ಸಾವಿರಾರು ವರ್ಷದ ಹಿಂದೆ, ಕಡಲ ಮೇಲೆ ಹಿಮದ ಚಪ್ಪಡಿ ಕೂತಿತ್ತಂತೆ. ಬೆಳಕೇ ಇಳಿಯಲಿಲ್ಲವಂತೆ. ಅದರ ಮೇಲಿನ ಪದರದಲ್ಲಿ, ಮೈಕ್ರೋಸ್ಕೋಪ್ ಇಟ್ಟರೆ, ರಾಶಿ ಚಿಪ್ಪು.

"ಚಪ್ಪಡಿ ಒಡೀತು, ಆಮೇಲೆ ಜೀವ ಬಂತು ಅಮ್ಮಾ."

"ಒಡೆದದ್ದು ಯಾರೇ?"

"ಬೆಚ್ಚಗಿನ ನೀರು. ಕೆಳಗಿಂದ ಕೊರೀತು."

"ನಿನ್ನ ಹಾಗೇ. ಮೇಲೆ ಗಪ್‌ಚುಪ್."

ಮಾರ್ಚ್ ೯

ಅಕ್ಷರ ಸೊಟ್ಟ.

ನಾನು ಬ್ಯಾಂಕಿಗೆ ಹೋಗಿದ್ದಾಗ ಮಗ ಕೆಸರಿನ ಕೋಣೆಯ ಬೀಗ ಒಡೆದ. ಮುಟ್ಟಬಾರದ ಅರ್ಧಗಳನ್ನೆಲ್ಲ ಅಂಗಳಕ್ಕೆಸೆದು ಬೂಟಿನಲ್ಲಿ ತುಳಿದ. ಅಡ್ಡ ಬಂದ ತಂಗಿಯ ಬಾಯಿಗೆ ಕೊಳವೆಯಿಂದಲೇ ಹೊಡೆದ. ಹಲ್ಲು ಉದುರಿತು. ಎಳೆದೊಯ್ದು ಮೀನಿನ ಕೋಣೆಗೆ ನೂಕಿ ಚಿಲಕ ಹಾಕಿದ. ನಾನು ಬಂದಾಗ ಚಿಲಕ ಹಿಡಿದೇ ನಿಂತಿದ್ದ.

"ಸ್ವಲ್ಪ ತಣ್ಣಗಾಗ್ಲಿ ಬಿಡು."

"ಪಕ್ಕಕ್ಕೆ ಸರಿಯೋ."

"ನಾನಮ್ಮ ನಿನ್ನ ಗಂಡು ಮಗ!"

ಮಂಜುಗಡ್ಡೆ ಒಡೆಯುವ ಸಲಾಕೆ ಕೈಗೆ ಸಿಕ್ಕಿತು. ಮೊಣಕಾಲಿಗೆ ಬೀಸಿದೆ. ಕುಸಿದ — ಚಿಲಕ ಬಿಡಲಿಲ್ಲ. ಮಣಿಕಟ್ಟಿಗೆ ಇನ್ನೊಂದು. ಮೂಳೆ ಮುರಿದ ಸದ್ದು ಕೇಳಿಸಿತು. ಬಿಟ್ಟ.

ಒಳಗೆ ಪೆಟ್ಟಿಗೆಗಳ ನಡುವೆ ಮುದುಡಿದ್ದಳು. ರೆಪ್ಪೆಯ ಮೇಲೆ ಹಿಮ. ಬಾಯಿಯ ರಕ್ತ ಗಲ್ಲದ ಮೇಲೇ ಗಟ್ಟಿಯಾಗಿತ್ತು.

ಮಾರ್ಚ್ ೧೪

ಚಳಿಗೆ ಮರಗಟ್ಟಿದ ಮಗಳ ಎರಡು ಬೆರಳು ಉಳಿಯಲಿಲ್ಲ. ಮಗನ ಕೈಗೆ ಸ್ಟೀಲ್ ಪ್ಲೇಟು. ಒಂದೇ ಆಸ್ಪತ್ರೆ, ಬೇರೆ ಮಹಡಿ.

ನನ್ನ ತಮ್ಮ ಬಂದಿದ್ದ. "ಅಕ್ಕಾ, ಜಾರಿ ಬಿದ್ರು ಅಂದ್ಬಿಡು. ಮನೆ ಮರ್ಯಾದೆ ನೋಡು."

"ಇಬ್ಬರೂ ಒಟ್ಟಿಗೇ ಜಾರಿದರೇನೋ? ಕೈ ಕೈ ಹಿಡ್ಕೊಂಡು?"

ಕಾಫಿ ಕೊಡದೆ ಕಳಿಸಿದೆ.

ಮಗಳು ಕೇಳಿದ್ದು ಒಂದೇ — "ಪರೀಕ್ಷೆಯ ಅರ್ಧ?"

"ಹಾಗೇ ಇದೆ. ಹೊಸ ಬೀಗ ಹಾಕಿದ್ದೇನೆ, ಕೀಲಿ ನನ್ನ ಹತ್ತಿರ."

ಅತ್ತಳು. ಅಷ್ಟರವರೆಗೆ ಅತ್ತಿರಲಿಲ್ಲ.

ಮಾರ್ಚ್ ೧೫, ಮಧ್ಯಾಹ್ನ

ಇನ್‌ಸ್ಪೆಕ್ಟರ್ ಹಜಾರದಲ್ಲಿ ಕೂತಿದ್ದಾರೆ. ತಮ್ಮ ನನಗಿಂತ ಮೊದಲೇ ಹಾಜರ್. ಜಾರಿದ ಕಥೆ ಆಗಲೇ ನಡೆದಿದೆ... ನಗುವೂ ಕೇಳುತ್ತಿದೆ.

ಮೊದಲು ನನ್ನ ಏಟು ಹೇಳುತ್ತೇನೆ. ಅದನ್ನು ಮುಚ್ಚಿಟ್ಟು ಮಗನದನ್ನು ಹೇಳಿದರೆ ಯಾರು ನಂಬುತ್ತಾರೆ? ಜೈಲಾದರೆ ಇಬ್ಬರಿಗೂ ಆಗಲಿ. ಹೆತ್ತದ್ದು ನಾನೇ, ಅವನ ಹೆಸರು ಬಾಯಿಬಿಟ್ಟು ಹೇಳುವವಳೂ ನಾನೇ.