ಗಾಯಗೊಂಡ ಕಾಟಿಯನ್ನು ಬಿಟ್ಟು ಬರುವ ಜಡೆಯಪ್ಪನಿಗೆ

ನೇರಳೆದೊಡ್ಡಿ, ಬೆಟ್ಟದ ಬುಡ
ಎರಡು ಸಾವಿರದ ಇನ್ನೂರ ನಲವತ್ತೊಂದನೇ ಇಸವಿ, ಫೆಬ್ರವರಿ ಮೂವತ್ತು

ಜಡೆಯಪ್ಪ,

ಈ ತಾರೀಕು ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಇಲ್ಲ, ಹುಡುಕಬೇಡ. ನಮ್ಮ ಕಾಲದವರು ಎಲ್ಲ ತಿಂಗಳಿಗೂ ದಿನಗಳನ್ನು ಸಮಪಾಲು ಹಂಚಿದ್ದಾರೆ. ನನ್ನ ಬರಹದಲ್ಲಿ ನಿನಗೆ ತಿಳಿಯದ ಮಾತು ಬಂದರೆ ಮನ್ನಿಸು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ದನ ಮೇಯಿಸಿ ಸಮಯ ಮಿಕ್ಕಿದಾಗ. ನಾನು ದೊಡ್ಡತಾಯಮ್ಮ. ನಿನ್ನ ಮಗಳು ಕೇತಿಯಿಂದ ಎಣಿಸಿದರೆ ಆರನೆಯ ತಲೆಮಾರಿನವಳು. ನಿನ್ನನ್ನು ಅಜ್ಜ ಎನ್ನಬೇಕಿತ್ತು. ಆದರೆ ನಿನಗೀಗ ಮೂವತ್ತೆರಡು, ನನಗೆ ಎಪ್ಪತ್ನಾಲ್ಕು. ಅದಕ್ಕೇ ನೀನು ಎಂದೇ ಬರೆಯುತ್ತೇನೆ, ಬೈಯುವುದಕ್ಕೂ ಅದೇ ಅನುಕೂಲ.

ಇದು ಹಿಂದೋಲೆ. ಹಿಂದಿನ ಕಾಲಕ್ಕೆ ಹೋಗುವ ಕಾಗದಕ್ಕೆ ನಾವು ಇಟ್ಟ ಹೆಸರು. ಜೀವಮಾನಕ್ಕೆ ಒಂದೇ, ಅದೂ ಸ್ವಂತ ರಕ್ತದವರಿಗೆ ಮಾತ್ರ. ಪಕ್ಕದ ಮನೆಯ ಮುರುಗಮ್ಮ ತನ್ನ ಮುತ್ತಜ್ಜಿಗೆ ಬರೆದು ಉಪ್ಪಿನಕಾಯಿಯ ಹದ ಕೇಳಿದಳು. ಉತ್ತರ ಬರುವ ದಾರಿಯಿಲ್ಲವೆಂಬುದು ಅವಳಿಗೆ ಹೊಳೆದದ್ದು ಕಳಿಸಿ ಮುಗಿದ ಮೇಲೆ. ನನಗೆ ನಿನ್ನ ಉತ್ತರ ಬೇಕಾಗಿಲ್ಲ.

ಇದು ನಿನ್ನ ಕೈಸೇರುವ ದಿನ ನೀನು ಹಿತ್ತಲಲ್ಲಿ ಕೂತು ಕೋವಿಗೆ ಎಣ್ಣೆ ಹಚ್ಚುತ್ತಿರುತ್ತೀಯೆ. ನಾಳೆ ಬೆಳಗ್ಗೆ ಒಬ್ಬನೇ ಬೆಟ್ಟ ಹತ್ತುತ್ತೀಯೆ. ನಿನ್ನ ಕಾಲದಲ್ಲಿ ಬೇಟೆ ಅಪರಾಧ. ಅದಕ್ಕಾಗಿ ಒಬ್ಬನೇ ಹೋಗುತ್ತೀಯೆ, ಗಂಡಸುತನಕ್ಕಾಗಿ ಎಂದು ಹೇಳಿಕೊಳ್ಳುತ್ತೀಯೆ. ಮೇಲಿನ ಹುಲ್ಲುಬಯಲಿನಲ್ಲಿ ಒಂಟಿ ಕಾಟಿಯೊಂದು ನಿಂತಿರುತ್ತದೆ, ನಿನ್ನ ಎರಡು ಎತ್ತು ಸೇರಿಸಿದಷ್ಟು ಮೈಯ ಕಾಡುಕೋಣ. ಹೊಡೆಯುತ್ತೀಯೆ. ಅದು ಬೀಳುವುದಿಲ್ಲ, ಹೊಟ್ಟೆಯಲ್ಲಿ ಗುಂಡು ಹೊತ್ತು ಪೊದೆಗೆ ನುಗ್ಗುತ್ತದೆ. ಹುಲ್ಲಿನ ಮೇಲೆ ರಕ್ತ ಕಾಣುತ್ತದೆ. ಅದರ ಹಿಂದೆ ನೀನು ಹತ್ತು ಹೆಜ್ಜೆಯೂ ಇಡುವುದಿಲ್ಲ. ಸಂಜೆ ಮನೆಗೆ ಬಂದು ಹೆಂಡತಿ ಬಸಮಣಿಯ ಮುಂದೆ ಮೀಸೆ ತಿರುವಿ ಹೇಳುತ್ತೀಯೆ: "ಒಂದೇ ಏಟು ಕಣಮ್ಮಿ. ಬಂಡೆ ಕೆಳಕ್ಕ ಬಿದ್ದು ಸತ್ತೋಯ್ತು." ಮೂಲೆಯಲ್ಲಿದ್ದ ಆರು ವರ್ಷದ ಕೇತಿ ಅದನ್ನು ಕೇಳಿಸಿಕೊಂಡಳು. ಅವಳು ತನ್ನ ಮಗಳಿಗೆ ಹೇಳಿದಳು, ಹಾಗೇ ನನ್ನವರೆಗೆ ಬಂತು, ಒಂದು ಅಕ್ಷರವೂ ಸವೆದಿಲ್ಲ.

ಅಷ್ಟು ದಿನ ಆ ಒಂಟಿ ಕಾಟಿಗೆ ಹೆದರಿ ಬೆಟ್ಟದ ಕಡೆ ತಲೆ ಹಾಕದಿದ್ದ ಬಸಮಣಿ, ಗಂಡನ ಮಾತು ನಂಬಿ ಮರುದಿನ ನೆಲ್ಲಿಕಾಯಿಗೆ ಹೋದಳು. ಕಾಟಿ ಅದೇ ಪೊದೆಯಲ್ಲಿ ನೋವಿನಿಂದ ಹುಚ್ಚಾಗಿ ನಿಂತಿತ್ತು. ಅವಳ ಸೆರಗಿನಲ್ಲಿ ಕಟ್ಟಿದ್ದ ನೆಲ್ಲಿಕಾಯಿಯನ್ನು ಕೇತಿ ಎಷ್ಟೋ ವರ್ಷ ಮಡಕೆಯಲ್ಲಿ ಒಣಗಿಸಿ ಇಟ್ಟಿದ್ದಳಂತೆ.

ಆಮೇಲೆ ದೊಡ್ಡಿಯವರು ಕಟ್ಟಳೆ ಮಾಡಿದರು. ಈಗ ನಮ್ಮ ಬೆಟ್ಟದಲ್ಲಿ ಜನರಿಗಿಂತ ಕಾಟಿ ಹೆಚ್ಚು. ನಾವು ಉಸಿರುಬೇಲಿ ಹಾಕಿದ್ದೇವೆ, ಹುಲಿಯ ವಾಸನೆ ಬಿಡುವ ಬೇಲಿ. ಮೊದಲ ಹತ್ತು ವರ್ಷ ಕಾಟಿಗಳು ಹೆದರಿದವು, ಈಗ ಅದಕ್ಕೇ ಬೆನ್ನು ಉಜ್ಜಿಕೊಂಡು ರಾಗಿಗೆ ಇಳಿಯುತ್ತವೆ. ಅದಕ್ಕಾಗಿ ವರ್ಷಕ್ಕೊಮ್ಮೆ ಒಂಟಿಪಾಳಿ ಎಂದು ಒಂದು ಮನೆಯಿಂದ ಒಬ್ಬರನ್ನು ಒಂದು ಕಾಟಿ ಹೊಡೆಯಲು ಮೇಲಕ್ಕೆ ಕಳಿಸುತ್ತೇವೆ. ಗುಂಡು ಎರಡು: ಒಂದು ಹೊಡೆಯಲು, ಇನ್ನೊಂದು ಗುರಿ ತಪ್ಪಿದರೆ ನೋವು ಮುಗಿಸಲು. ಗಾಯ ಮಾಡಿದವರು ರಕ್ತದ ಜಾಡು ಬಿಡುವಂತಿಲ್ಲ. ಬಿಟ್ಟವರ ಮನೆಗೆ ಏಳು ತಲೆಮಾರು ಪಾಳಿಯಿಲ್ಲ, ಹಬ್ಬದ ಮಾಂಸದಲ್ಲಿ ಪಾಲಿಲ್ಲ. ಆ ಶಿಕ್ಷೆಯನ್ನು ಮೊದಲು ಉಂಡ ಮನೆ ನಮ್ಮದು. ನಾನು ಮದುವೆಯಾಗಿ ಗಂಡನನ್ನು ಈ ಮನೆಗೆ ಕರೆತಂದಾಗ, ಊಟದ ಸಾಲಿನಲ್ಲಿ ಒಬ್ಬ ಮುದುಕ ಅವನ ಎಲೆಗೆ ಬರೀ ಸಾರು ಬಡಿಸಿ, "ನಿಮ್ಮನೇವ್ರು ಬುಟ್ಟು ಬಂದವ್ರಲ್ವಾ, ಇದನ್ನೂ ಬುಟ್ಟು ಏಳು" ಅಂದ. ನಾನು ಆ ಸಾರನ್ನು ಅವನ ಪಂಚೆಯ ಮೇಲೆ ಸುರಿದೆ. ಅದು ನಿನಗೆ ಸಲ್ಲಬೇಕಾದ ಸಾರು ಜಡೆಯಪ್ಪ.

ಕೇತಿಯಿಂದ ಎಂಟನೆಯ ತಲೆಮಾರು ನನ್ನ ಮೊಮ್ಮಗಳು ದುಂಡಿ. ಇಪ್ಪತ್ನಾಲ್ಕು ವರ್ಷ, ನನ್ನದೇ ಬಾಯಿ. ಶಿಕ್ಷೆ ತೀರಿತು, ಈ ವರ್ಷ ಪಾಳಿ ಅವಳದು. ಸೋಮವಾರ ಹತ್ತಿದಳು. ಬುಧವಾರ ಮಧ್ಯಾಹ್ನ ಬೇಲಿಯ ಹೊರಗೆ ನಿಂತು ಕೂಗಿದಳು. ಕಾಲೆಲ್ಲ ಮುಳ್ಳು ಗೀರಿತ್ತು. "ಅಜ್ಜಿ, ಗುರಿ ತಪ್ತು. ಗಾಯ ಆಯ್ತು, ಸತ್ತಿಲ್ಲ. ಯಾರೂ ಮೇಲಕ್ಕ ಬರ್ಬೇಡಿ." ಜಗಲಿಯಲ್ಲಿದ್ದವರು ನಕ್ಕರು. "ಏಳು ತಲೆಮಾರಾದ್ರೂ ಅದೇ ಕೈ ಕಣೋ" ಎಂದು ಒಬ್ಬ ಅಂದ. ಅವಳಿಗೆ ಕೇಳಿಸಿತು. ನೀರೂ ಕುಡಿಯದೆ ಬಂದ ಜಾಡಿನಲ್ಲೇ ಹಿಂದಿರುಗಿದಳು. ಜೇನಿಗೆ ಹೊರಟಿದ್ದ ಇಬ್ಬರು ಹೆಂಗಸರು ಬುಟ್ಟಿ ಇಳಿಸಿ ಮನೆಯೊಳಗೆ ಹೋದರು. ಅದನ್ನು ನೋಡಿದಾಗ ನಿನ್ನ ಮೇಲಿನ ನನ್ನ ಸಿಟ್ಟು ಇಮ್ಮಡಿಯಾಯಿತು. ಇಷ್ಟೇನಾ? ಇಷ್ಟು ಹೇಳುವುದಕ್ಕೆ ನಿನಗೆ ಆಗಲಿಲ್ಲವೇ? ನಗುವವರು ನಗುತ್ತಿದ್ದರು, ಬಸಮಣಿ ಬದುಕುತ್ತಿದ್ದಳು.

ಇವತ್ತು ಶುಕ್ರವಾರ. ದುಂಡಿ ಇನ್ನೂ ಇಳಿದಿಲ್ಲ. ಎರಡನೆಯ ಗುಂಡಿನ ಸದ್ದೂ ಕೇಳಿಲ್ಲ. ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ, ಎರಡು ಸಾಲಿಗೊಮ್ಮೆ ಬೆಟ್ಟ ನೋಡುತ್ತೇನೆ. ನೀನು ಮಾಡದೆ ಬಿಟ್ಟ ಕೆಲಸವನ್ನು ಅವಳು ಮಾಡುತ್ತಿದ್ದಾಳೆ. ಅವಳಿಗೇನಾದರೂ ಆದರೆ ಅದಕ್ಕೂ ನೀನೇ ಹೊಣೆ ಎನ್ನುತ್ತೇನೆ, ನ್ಯಾಯವೋ ಅನ್ಯಾಯವೋ ಗೊತ್ತಿಲ್ಲ.

ಹೋಗಬೇಡ ಎಂದರೆ ನೀನು ಕೇಳುವುದಿಲ್ಲ, ನಮ್ಮ ಮನೆಯವರ ಕಿವಿ ನನಗೆ ಗೊತ್ತು. ಜಾಡು ಹಿಡಿದು ಹೋಗು ಎಂದರೂ ನಿನಗೆ ಎದೆ ಸಾಲದು. ಅದಕ್ಕೇ ಮೂರೇ ಮಾತು ಕೇಳುತ್ತೇನೆ. ಮನೆಗೆ ಬಂದು ಬಸಮಣಿಗೆ ಹೇಳು: "ಸತ್ತಿಲ್ಲ, ನಾಳೆ ಹೋಗಬೇಡ." ಅವಳು ನಿನಗೆ ಮುದ್ದೆ ಕಟ್ಟಿ ಇಟ್ಟಿರುತ್ತಾಳೆ, ನಾನು ದುಂಡಿಗೆ ಇಟ್ಟಿರುವ ಹಾಗೆ. ಕೈ ತೊಳೆಯುವ ಮೊದಲೇ ಹೇಳಿಬಿಡು. ಉಂಡ ಮೇಲೆ ನಿನಗೆ ಬಾಯಿ ಬರುವುದಿಲ್ಲ.

ದೊಡ್ಡತಾಯಮ್ಮ